‘ಇನೆವಿಟಬಲ್’ ಎಲ್ಲಿ ಕೂರುತ್ತದೆ, ಎಲ್ಲಿ ಕೂರುವುದಿಲ್ಲ: ಕಾಸರಗೋಡಿನ ಕನ್ನಡಿಗರಿಗೆ ಒಂದು ಸಮಗ್ರ ಮಾರ್ಗದರ್ಶಿ

ಪ್ಲಸ್ ಟು ಮಕ್ಕಳ ಇಂಗ್ಲಿಷ್ ಪ್ರಬಂಧ ತಿದ್ದುವಾಗ ‘ಇನೆವಿಟಬಲ್’ ಅನ್ನುವ ಪದ ಕಂಡರೆ ನನ್ನ ಕೆಂಪು ಪೆನ್ನು ಅಲ್ಲೇ ನಿಲ್ಲುತ್ತದೆ. ಅದು ಕೆಟ್ಟ ಪದ ಅಂತಲ್ಲ. ತೂಕದ ಪದ, ಸರಿಯಾದ ಜಾಗದಲ್ಲಿ ಬಿದ್ದರೆ ವಾಕ್ಯಕ್ಕೇ ಒಂದು ಗತ್ತು ಬರುತ್ತದೆ. ಆದರೆ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮ ಕನ್ನಡ ಮೀಡಿಯಂ ಮಕ್ಕಳು ಅದನ್ನು ಕೂರಿಸುವ ಜಾಗ ಹೆಚ್ಚಾಗಿ ಬೇರೆ ಯಾವುದೋ ಪದದ್ದು. ಮಕ್ಕಳು ಮಾತ್ರ ಅಲ್ಲ, ಸರ್ಕಾರಿ ಕೆಲಸಕ್ಕೆಂದು ಪಿಎಸ್‌ಸಿ ಪರೀಕ್ಷೆಗೆ ಓದುವವರು, ಕಚೇರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವವರು, ಎಲ್ಲರದ್ದೂ ಇದೇ ಕಥೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ‘ಅನಿವಾರ್ಯ’ ಅನ್ನುವ ಒಂದೇ ಪದಕ್ಕೆ ನಾವು ಕನ್ನಡದಲ್ಲಿ ನಾಲ್ಕೈದು ಕೆಲಸ ಹಚ್ಚಿದ್ದೇವೆ. ಈ ವಾಕ್ಯಗಳನ್ನು ನೋಡಿ. ಹುಟ್ಟಿದವನಿಗೆ ಸಾವು ಅನಿವಾರ್ಯ. ನಮ್ಮ ಸಂಘಕ್ಕೆ ಅವರು ಅನಿವಾರ್ಯ. ಬೈಕಿನಲ್ಲಿ ಹೋಗುವವರಿಗೆ ಹೆಲ್ಮೆಟ್ ಅನಿವಾರ್ಯ. ಅನಿವಾರ್ಯವಾಗಿ ಜಾಗ ಮಾರಬೇಕಾಯಿತು. ಅನಿವಾರ್ಯ ಕಾರಣಗಳಿಂದ ಇಂದಿನ ಯಕ್ಷಗಾನ ಮುಂದೂಡಲಾಗಿದೆ.

ಐದೂ ಒಳ್ಳೆಯ ಕನ್ನಡ. ಆದರೆ ಇವುಗಳಲ್ಲಿ ಇಂಗ್ಲಿಷಿನ ಇನೆವಿಟಬಲ್ ಸರಿಯಾಗಿ ಹೊಂದುವುದು ಮೊದಲನೆಯದಕ್ಕೆ ಮಾತ್ರ. ಉಳಿದ ನಾಲ್ಕಕ್ಕೆ ನಾಲ್ಕು ಬೇರೆ ಪದ ಬೇಕು. ಬೇರೆ ಊರಿನ ಮಕ್ಕಳಿಗೆ ಇದು ಒಂದೇ ಕಡೆಯಿಂದ ಬರುವ ತೊಂದರೆ, ನಮಗೆ ಎರಡು ಕಡೆಯಿಂದ. ಮಲಯಾಳದಲ್ಲೂ ‘ಅನಿವಾರ್ಯಂ’ ಇದೆ, ಅಲ್ಲೂ ಅದಕ್ಕೆ ಹೆಚ್ಚುಕಡಿಮೆ ಇಷ್ಟೇ ಕೆಲಸ. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಎರಡೂ ಒಂದೇ ಮಾತು ಹೇಳಿದ ಮೇಲೆ ಇಂಗ್ಲಿಷಿನಲ್ಲೂ ಹಾಗೇ ಇರಬೇಕು ಅಂತ ಅನಿಸುವುದು ಸಹಜ ಅಲ್ವಾ?

ಹಾಗಾಗಿ ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಬಾಯಿಗೂ ಕೈಗೂ ರೂಢಿ ಮಾಡಿಕೊಳ್ಳಿ

ಇದನ್ನು ಬೇಗ ಮುಗಿಸಿಬಿಡೋಣ. ಅಕ್ಷರಗಳು: ಐ, ಎನ್, ಇ, ವಿ, ಐ, ಟಿ, ಎ, ಬಿ, ಎಲ್, ಇ. ತಪ್ಪು ಬೀಳುವುದು ಎರಡು ಕಡೆ. ಕೆಲವರು ಮೊದಲ ಐ ಬದಲು ಯು ಹಾಕುತ್ತಾರೆ, ‘ಅನ್‌ಅವಾಯ್ಡಬಲ್’ ತಲೆಯಲ್ಲಿ ಇರುವುದರಿಂದ. ಇನ್ನು ಕೆಲವರು ಕೊನೆಯಲ್ಲಿ ಎ ಬದಲು ಐ ಬರೆಯುತ್ತಾರೆ. ಲ್ಯಾಟಿನಿನ ‘ಎವಿಟಾರೆ’ ಅಂದರೆ ತಪ್ಪಿಸಿಕೊಳ್ಳುವುದು. ಮುಂದೆ ‘ಇನ್’ ಸೇರಿದರೆ ‘ಅಲ್ಲ’ ಎಂಬ ಅರ್ಥ. ಆ ‘ಟಾರೆ’ಯ ಟಾ ನೆನಪಿಟ್ಟುಕೊಂಡರೆ ಟಿ ಆದ ಮೇಲೆ ಎ ಬರುತ್ತದೆ ಅನ್ನುವುದು ಮರೆಯುವುದಿಲ್ಲ.

ಉಚ್ಚಾರಣೆಯಲ್ಲಿ ಒತ್ತು ‘ನೆ’ ಮೇಲೆ. ಇ-ನೆ-ವಿ-ಟ-ಬಲ್. ಕೊನೆಯಲ್ಲಿ ‘ಟೇಬಲ್’ ಅಂತ ಎಳೆಯಬೇಡಿ, ಇಲ್ಲಿ ಮೇಜು ಇಲ್ಲ. ‘ಟಬಲ್’ ಅಂತ ಹಗುರವಾಗಿ ಬಿಟ್ಟುಬಿಡಿ. ನಾಮಪದ ಮಾಡಿದಾಗ ಮಾತ್ರ ಒತ್ತು ಜಾಗ ಬದಲಿಸುತ್ತದೆ: ‘ಇನೆವಿಟಬಿಲಿಟಿ’ಯಲ್ಲಿ ‘ಬಿ’ ಮೇಲೆ. ಈ ನಾಮಪದ ಪರೀಕ್ಷೆಗೆ ಅಷ್ಟೇನೂ ಬೇಕಾಗುವುದಿಲ್ಲ.

ಹೆಜ್ಜೆ 2: ಇಂಗ್ಲಿಷಿಗೆ ಹೋಗುವ ಮೊದಲು ‘ಅನಿವಾರ್ಯ’ವನ್ನು ಬಿಡಿಸಿ

ಇಡೀ ಮಾರ್ಗದರ್ಶಿಯಲ್ಲಿ ಮುಖ್ಯ ಹೆಜ್ಜೆ ಇದೇ. ಇದೊಂದು ಕೈಗೆ ಬಂದರೆ ಅರ್ಧಕ್ಕಿಂತ ಜಾಸ್ತಿ ತಪ್ಪು ತಾನಾಗಿ ಹೋಗುತ್ತದೆ.

ತಲೆಯಲ್ಲಿ ‘ಅನಿವಾರ್ಯ’ ಬಂತು ಅಂದರೆ ಕೂಡಲೇ ಇಂಗ್ಲಿಷ್ ಮಾಡಬೇಡಿ. ಅದೇ ಮಾತನ್ನು ಮನೆಯಲ್ಲಿ ಅಜ್ಜಿಗೆ ಹೇಳುವಂತೆ ಹೇಳಿಕೊಳ್ಳಿ. ಅಜ್ಜಿಯ ಹತ್ತಿರ ಯಾರೂ ‘ಅನಿವಾರ್ಯ’ ಅನ್ನುವುದಿಲ್ಲ. ಬೇರೆ ಏನೋ ಅನ್ನುತ್ತಾರೆ. ಆ ‘ಬೇರೆ ಏನೋ’ ನಿಮಗೆ ಸರಿಯಾದ ಇಂಗ್ಲಿಷ್ ಪದ ತೋರಿಸುತ್ತದೆ.

‘ಅದು ಆಗಿಯೇ ಆಗುತ್ತದೆ’, ‘ತಪ್ಪಿದ್ದಲ್ಲ’ ಅಂತ ಬಾಯಿಗೆ ಬಂದರೆ ಅದು ಇನೆವಿಟಬಲ್.

‘ಅದು ಇಲ್ಲದಿದ್ದರೆ ನಡೆಯುವುದೇ ಇಲ್ಲ’ ಅಂತ ಬಂದರೆ ಇಂಡಿಸ್ಪೆನ್ಸಬಲ್. ಅಷ್ಟು ದೊಡ್ಡ ಪದ ಬೇಡ ಅನಿಸಿದರೆ ಎಸೆನ್ಷಿಯಲ್ ಸಾಕು. ಸಂಘಕ್ಕೆ ಅನಿವಾರ್ಯವಾದ ಕಾರ್ಯದರ್ಶಿ ಈ ಸಾಲಿನವರು. ಅವರನ್ನು ‘ಹಿ ಇಸ್ ಇನೆವಿಟಬಲ್’ ಅಂದರೆ ಏನರ್ಥ ಗೊತ್ತಾ? ಏನೇ ಮಾಡಿದರೂ ಅವರು ಬಂದೇ ಬರುತ್ತಾರೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ ಅಂತ. ಕೆಲವು ಕಾರ್ಯದರ್ಶಿಗಳ ವಿಷಯದಲ್ಲಿ ಅದೂ ನಿಜ ಇರಬಹುದು, ಆದರೆ ಸನ್ಮಾನ ಪತ್ರದಲ್ಲಿ ಬರೆಯುವ ಮಾತಲ್ಲ.

‘ಮಾಡಲೇಬೇಕು, ಕಾನೂನು ಉಂಟು’ ಅಂತ ಬಂದರೆ ಕಂಪಲ್ಸರಿ ಅಥವಾ ಮ್ಯಾಂಡೇಟರಿ. ಹೆಲ್ಮೆಟ್ ಇಲ್ಲಿಗೆ ಸೇರಿದ್ದು.

‘ಬೇರೆ ಎಂತ ಮಾಡ್ಲಿಕ್ಕೂ ಗತಿ ಇರ್ಲಿಲ್ಲ’ ಅಂತ ಬಂದರೆ ಇನೆವಿಟಬಲ್ ಜಾತಿಯ ಯಾವ ಪದವೂ ಬೇಡ. ‘ಐ ಹ್ಯಾಡ್ ಟು’ ಸಾಕು. ಸ್ವಲ್ಪ ಒತ್ತಿ ಹೇಳಬೇಕಾದರೆ ‘ಐ ಹ್ಯಾಡ್ ನೊ ಚಾಯ್ಸ್ ಬಟ್ ಟು’. ಜಾಗ ಮಾರಿದವರ ವಾಕ್ಯ: ‘ವಿ ಹ್ಯಾಡ್ ನೊ ಚಾಯ್ಸ್ ಬಟ್ ಟು ಸೆಲ್ ದ ಲ್ಯಾಂಡ್.’ ಇದರಲ್ಲಿ ನೋವೂ ಇದೆ, ವ್ಯಾಕರಣವೂ ಸರಿ ಇದೆ.

ಕೊನೆಯದು, ಇದ್ದಕ್ಕಿದ್ದಂತೆ ಬಂದ ಅಡಚಣೆ. ಮಳೆ ಬಂತು, ಕಲಾವಿದರಿಗೆ ಹುಷಾರಿಲ್ಲ, ಕರೆಂಟ್ ಇಲ್ಲ. ಇದಕ್ಕೆ ಅನ್‌ಅವಾಯ್ಡಬಲ್. ‘ಡ್ಯೂ ಟು ಅನ್‌ಅವಾಯ್ಡಬಲ್ ಸರ್ಕಮ್‌ಸ್ಟೆನ್ಸಸ್’ ಅನ್ನುವುದು ನೋಟಿಸಿನಲ್ಲಿ ಅಚ್ಚಾಗಿ ಹೋದ ಮಾತು. ಅದರಲ್ಲಿ ಇನೆವಿಟಬಲ್ ತುರುಕಿದರೆ ಓದುವವರಿಗೆ ಕೂಡಲೇ ಎಡವಿದಂತಾಗುತ್ತದೆ.

ಫೋನಿನಲ್ಲಿ ಅನುವಾದ ಮಾಡಿಸಿ ನಕಲು ಮಾಡುವವರು ಈ ಹೆಜ್ಜೆಯನ್ನೇ ಹಾರಿಬಿಡುತ್ತಾರೆ. ಯಂತ್ರಕ್ಕೆ ಒಂಟಿ ಪದ ಕೊಟ್ಟರೆ ಅದೂ ಒಂಟಿ ಪದವನ್ನೇ ಕೊಡುತ್ತದೆ. ಬಿಡಿಸಿದ ಪೂರ್ತಿ ವಾಕ್ಯ ಕೊಡಿ, ಆಗ ಅದರ ಉತ್ತರವೂ ಸುಧಾರಿಸುತ್ತದೆ.

ಹೆಜ್ಜೆ 3: ದಾರಿ ಮುಚ್ಚಿದ್ದು ಎಲ್ಲಿ ಅಂತ ಕೇಳಿ

‘ಆಗಿಯೇ ಆಗುತ್ತದೆ’ ಅಂತ ಖಾತ್ರಿ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಇನೆವಿಟಬಲ್ ಅನ್ನುವುದು ಬರೀ ‘ಖಂಡಿತ’ ಅಲ್ಲ. ನಾಳೆ ಸೋಮವಾರ ಅನ್ನುವುದು ಖಂಡಿತ, ಆದರೆ ‘ಮಂಡೇ ಇಸ್ ಇನೆವಿಟಬಲ್’ ಅಂತ ತಮಾಷೆಗಷ್ಟೇ ಹೇಳಬಹುದು. ಈ ಪದ ಬರಬೇಕಾದರೆ ಹಿಂದೆ ಏನೋ ನಡೆದಿರಬೇಕು. ಅದರ ಫಲವಾಗಿ ಇನ್ನೊಂದು ಬರಬೇಕು. ನಡುವೆ ತಪ್ಪಿಸಿಕೊಳ್ಳುವ ದಾರಿ ಮುಚ್ಚಿರಬೇಕು.

ತಾಳಮದ್ದಳೆ (ವೇಷ ಕಟ್ಟದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳುವ ಅಭ್ಯಾಸ ಇದ್ದವರಿಗೆ ಇದನ್ನು ವಿವರಿಸುವುದು ಸುಲಭ. ಕೃಷ್ಣ ಸಂಧಾನದ ಪ್ರಸಂಗ ನೆನಪಿಸಿಕೊಳ್ಳಿ. ಕೃಷ್ಣ ಹಸ್ತಿನಾವತಿಗೆ ಬರುವಾಗ ಯುದ್ಧ ಆಗಬಹುದು, ಆಗದೆಯೂ ಇರಬಹುದು. ಅರ್ಧ ರಾಜ್ಯ ಕೊಟ್ಟರೆ ಮುಗಿಯಿತು. ಅದಿಲ್ಲದಿದ್ದರೆ ಐದು ಹಳ್ಳಿ. ಅಲ್ಲಿಯವರೆಗೂ ದಾರಿ ತೆರೆದಿದೆ. ಅರ್ಥಧಾರಿಗಳು ಗಂಟೆಗಟ್ಟಲೆ ವಾದ ಮಾಡಲು ಸಾಧ್ಯ ಆಗುವುದೂ ದಾರಿ ತೆರೆದಿರುವುದರಿಂದಲೇ. ಸೂಜಿಮೊನೆಯಷ್ಟು ನೆಲವನ್ನೂ ಕೊಡುವುದಿಲ್ಲ ಅಂತ ದುರ್ಯೋಧನ ಹೇಳಿದ ಕ್ಷಣ ಕೊನೆಯ ಬಾಗಿಲು ಮುಚ್ಚಿತು. ಇಂಗ್ಲಿಷಿನಲ್ಲಿ ಬರೆಯಿರಿ: ‘ಆಫ್ಟರ್ ದುರ್ಯೋಧನ ರಿಫ್ಯೂಸ್ಡ್ ಈವನ್ ಫೈವ್ ವಿಲೇಜಸ್, ವಾರ್ ಬಿಕೇಮ್ ಇನೆವಿಟಬಲ್.’

‘ವಾಸ್’ ಅಲ್ಲ, ‘ಬಿಕೇಮ್’. ಅಂದರೆ ಮೊದಲು ಹಾಗಿರಲಿಲ್ಲ, ಆ ಕ್ಷಣದಿಂದ ಹಾಗಾಯಿತು. ಇನೆವಿಟಬಲ್ ಜೊತೆ ‘ಬಿಕಮ್’ ಬಹಳ ಚೆನ್ನಾಗಿ ಹೋಗುತ್ತದೆ. ಅದೇ ಮಾತನ್ನು ತಿರುಗಿಸಿ ‘ಹಿಸ್ ರಿಫ್ಯೂಸಲ್ ಮೇಡ್ ವಾರ್ ಇನೆವಿಟಬಲ್’ ಅಂತಲೂ ಹೇಳಬಹುದು. ಯಾರಿಂದ ಆಯಿತು ಅನ್ನುವುದನ್ನು ಮುಂದೆ ತರಬೇಕಾದಾಗ ಈ ‘ಮೇಡ್’ ಇರುವ ರಚನೆ ನನಗೆ ಹೆಚ್ಚು ಇಷ್ಟ.

ದಾರಿ ಪೂರ್ತಿ ಮುಚ್ಚಿಲ್ಲ, ಸ್ವಲ್ಪ ಸಂದು ಉಳಿದಿದೆ ಅಂದರೆ? ಆಗ ‘ಆಲ್ಮೋಸ್ಟ್ ಇನೆವಿಟಬಲ್’. ‘ವರ್ಚುವಲಿ ಇನೆವಿಟಬಲ್’ ಅಂತಲೂ ಹೇಳುತ್ತಾರೆ. ಮೇಲ್ನೋಟಕ್ಕೆ ಹಾಗೆ ಕಾಣುತ್ತದೆ ಅಷ್ಟೇ ಅಂದರೆ ‘ಸೀಮಿಂಗ್ಲಿ’. ದಾರಿ ಒಂದೊಂದಾಗಿ ಮುಚ್ಚುತ್ತಾ ಬರುತ್ತಿದ್ದರೆ ‘ಇನ್‌ಕ್ರೀಸಿಂಗ್ಲಿ’. ಆದರೆ ‘ವೆರಿ ಇನೆವಿಟಬಲ್’ ಅಂತ ಬರೆಯಬೇಡಿ. ಬಾಗಿಲು ಮುಚ್ಚಿದೆಯೋ ಇಲ್ಲವೋ ಎರಡೇ, ತುಂಬ ಮುಚ್ಚಿದೆ ಅಂತ ಇಲ್ಲ.

ಹೆಜ್ಜೆ 4: ಒಂದು ಪ್ಯಾರಾ ಕೈಗೆತ್ತಿಕೊಳ್ಳೋಣ

ಬದಿಯಡ್ಕ ಕಡೆಯ ಹುಡುಗಿಯೊಬ್ಬಳು ‘ಮಾನ್ಸೂನ್ ಇನ್ ಮೈ ವಿಲೇಜ್’ ಅಂತ ಬರೆದ ಪ್ರಬಂಧದಲ್ಲಿ ಒಂದೇ ಪ್ಯಾರಾದೊಳಗೆ ನಾಲ್ಕು ಇನೆವಿಟಬಲ್ ಇದ್ದವು. ವಿಷಯ ಅಡಿಕೆ ತೋಟ, ಅವಳಿಗೆ ಚೆನ್ನಾಗಿ ಗೊತ್ತಿರುವುದೇ. ವಾಕ್ಯಗಳು ಹೀಗಿದ್ದವು:

‘ಅರೆಕಾನಟ್ ಇಸ್ ಇನೆವಿಟಬಲ್ ಫಾರ್ ಅವರ್ ಲೈಫ್. ಇನ್ ಜೂನ್ ಹೆವಿ ರೇನ್ ಇಸ್ ಇನೆವಿಟಬಲ್. ಸೊ ಸ್ಪ್ರೇಯಿಂಗ್ ಇಸ್ ಇನೆವಿಟಬಲ್. ಇಫ್ ನಾಟ್ ಸ್ಪ್ರೇಯಿಂಗ್, ಡಿಸೀಸ್ ಇಸ್ ಇನೆವಿಟಬಲ್.’

ಮೊದಲನೆಯದನ್ನು ಬಿಡಿಸಿ ಹೇಳು ಅಂದೆ.

‘ಅಡಿಕೆ ಇಲ್ಲದಿದ್ರೆ ನಮ್ಮ ಮನೆ ಖರ್ಚು ನಡೀಲಿಕ್ಕಿಲ್ಲ ಟೀಚರ್.’

‘ನಡೀಲಿಕ್ಕಿಲ್ಲ ಅಂದ್ಮೇಲೆ ಯಾವ ಪದ?’

‘ಎಸೆನ್ಷಿಯಲಾ?’

‘ಅದೇ. ಅದಕ್ಕಿಂತ ಸರಳ ಬೇಕಾದ್ರೆ “ವಿ ಲಿವ್ ಆನ್ ಅರೆಕಾನಟ್” ಅಂತ ಬರಿ.’

ಎರಡನೆಯದು ತಪ್ಪಲ್ಲ, ಸಪ್ಪೆ. ನಮ್ಮ ಕಡೆ ಜೂನಿನಲ್ಲಿ ಮಳೆ ಬರುವುದು ಯಾವುದರ ಫಲವೂ ಅಲ್ಲ, ಕಾಲದ ನಿಯಮ. ಅಲ್ಲಿ ‘ಹೆವಿ ರೇನ್ ಕಮ್ಸ್ ಎವ್ರಿ ಜೂನ್’ ಸಾಕು. ಮೂರನೆಯದರಲ್ಲಿ ಅವಳು ಸ್ವಲ್ಪ ವಾದ ಮಾಡಿದಳು.

‘ಮದ್ದು ಬಿಡದಿದ್ರೆ ಆಗುದಿಲ್ಲಲ್ಲ ಟೀಚರ್, ಮತ್ತೆ ಅದು ಅನಿವಾರ್ಯ ಅಲ್ವಾ?’

‘ಮದ್ದು ತಾನಾಗಿ ಬೀಳ್ತದಾ, ಯಾರಾದ್ರೂ ಬಿಡ್ಬೇಕಾ?’

‘ಬಿಡ್ಬೇಕು. ಈಗ ಮರ ಹತ್ತುವವರೇ ಸಿಗುದಿಲ್ಲ.’

ಅಲ್ಲೇ ಇದೆ ಉತ್ತರ. ಮದ್ದು ಬಿಡುವುದು ಮನುಷ್ಯ ಮಾಡಬೇಕಾದ ಕೆಲಸ. ಮಳೆ ಹಿಡಿಯುವ ಮೊದಲು ಒಂದು ಸಲ, ಮತ್ತೆ ಸುಮಾರು 40–45 ದಿನ ಬಿಟ್ಟು ಇನ್ನೊಂದು ಸಲ 1% ಬೋರ್ಡೋ ದ್ರಾವಣ ಗೊನೆಗೆ ಬೀಳಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಇಷ್ಟೆಲ್ಲ ಯಾರಾದರೂ ಕಲಸಿ, ಹೊತ್ತು, ಹತ್ತಿ ಮಾಡಬೇಕು. ಮಾಡದೆ ಬಿಡಲೂ ಸಾಧ್ಯ. ಮಾಡದೆ ಬಿಡಲು ಸಾಧ್ಯ ಇರುವ ಕೆಲಸಕ್ಕೆ ಇನೆವಿಟಬಲ್ ಹೊಂದುವುದಿಲ್ಲ. ಅದು ‘ನೆಸೆಸರಿ’.

ನಾಲ್ಕನೆಯದು ಮಾತ್ರ ಅಪ್ಪಟ ಜಾಗ. ಮದ್ದು ಬಿಡಲಿಲ್ಲ, ಮಳೆ ನಿಲ್ಲಲಿಲ್ಲ, ಕೊಳೆರೋಗ ಬಂತು. ಹಿಂದೆ ಕಾರಣ ಇದೆ, ಮುಂದೆ ಫಲ ಇದೆ, ನಡುವೆ ದಾರಿ ಇಲ್ಲ. ಆದರೂ ಒಂದೊಂದು ವರ್ಷ ಮಳೆ ಕಡಿಮೆಯಾಗಿ ತೋಟ ಉಳಿದದ್ದೂ ಉಂಟು. ಹಾಗಾಗಿ ‘ಆಲ್ಮೋಸ್ಟ್’ ಸೇರಿಸಿದೆವು. ಕೊನೆಗೆ ಪ್ಯಾರಾ ಹೀಗಾಯಿತು:

‘ವಿ ಲಿವ್ ಆನ್ ಅರೆಕಾನಟ್. ಹೆವಿ ರೇನ್ ಕಮ್ಸ್ ಎವ್ರಿ ಜೂನ್, ಸೊ ದ ಪಾಮ್ಸ್ ಮಸ್ಟ್ ಬಿ ಸ್ಪ್ರೇಡ್ ಬಿಫೋರ್ ಇಟ್ ಬಿಗಿನ್ಸ್. ಇಫ್ ವಿ ಆರ್ ಲೇಟ್, ಫ್ರೂಟ್ ರಾಟ್ ಇಸ್ ಆಲ್ಮೋಸ್ಟ್ ಇನೆವಿಟಬಲ್.’

ನಾಲ್ಕು ಇದ್ದದ್ದು ಒಂದಾಯಿತು, ಆ ಒಂದಕ್ಕೆ ಬೆಲೆ ಬಂತು. ಒಂದು ಪುಟದ ಪ್ರಬಂಧದಲ್ಲಿ ಈ ಪದ ಒಂದೇ ಸಲ ಬಂದರೆ ಚೆಂದ ಅನ್ನುವುದು ನನ್ನ ಲೆಕ್ಕ. ಎರಡನೇ ಸಲ ಬೇಕಾದರೆ ‘ಬೌಂಡ್ ಟು ಹ್ಯಾಪನ್’ ಇದೆ.

ಹೆಜ್ಜೆ 5: ವಾಕ್ಯದಲ್ಲಿ ಕೂರಿಸುವ ಬಗೆಗಳು

ನಾಮಪದಕ್ಕಿಂತ ಮೊದಲು ಕೂರಿಸುವಾಗ ಆರ್ಟಿಕಲ್ ‘ಆ್ಯನ್’ ಅನ್ನುವುದು ನೆನಪಿರಲಿ: ‘ಆ್ಯನ್ ಇನೆವಿಟಬಲ್ ಡಿಲೇ’. ರಿಸಲ್ಟ್, ಕಾನ್ಸಿಕ್ವೆನ್ಸ್, ಕನ್‌ಕ್ಲೂಶನ್, ಡಿಲೇ, ಚೇಂಜ್, ಕ್ವೆಶ್ಚನ್, ಕಂಪ್ಯಾರಿಸನ್ ಈ ಪದಗಳ ಜೊತೆ ಇದು ತುಂಬ ಬರುತ್ತದೆ. ಅಣ್ಣ ರ‍್ಯಾಂಕ್ ಬಂದವನಾಗಿದ್ದು ತಮ್ಮ ಅದೇ ಶಾಲೆಗೆ ಸೇರಿದರೆ ಮಾಷ್ಟ್ರುಗಳು ಹೋಲಿಸದೆ ಬಿಡುತ್ತಾರಾ? ಅದೇ ‘ದಿ ಇನೆವಿಟಬಲ್ ಕಂಪ್ಯಾರಿಸನ್’.

ಕ್ರಿಯಾಪದದ ನಂತರವೂ ಬರುತ್ತದೆ. ಹೆದ್ದಾರಿ 66ರ ಆರು ಪಥದ ಕೆಲಸದ ಹೊತ್ತಿನಲ್ಲಿ ತಲಪಾಡಿಯಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಬಂದವರೆಲ್ಲ ಈ ವಾಕ್ಯ ಅನುಭವಿಸಿದವರೇ: ‘ದ ರೋಡ್ ವಾಸ್ ಡಗ್ ಅಪ್ ಆನ್ ಬೋತ್ ಸೈಡ್ಸ್, ಆ್ಯಂಡ್ ಡಿಲೇಸ್ ವರ್ ಇನೆವಿಟಬಲ್.’

‘ಇಟ್ ಇಸ್ ಇನೆವಿಟಬಲ್ ದ್ಯಾಟ್’ ಅಂತ ಶುರು ಮಾಡಿ ಪೂರ್ತಿ ವಾಕ್ಯ ಹಾಕಬಹುದು. ‘ವಿತ್ ನೊ ಸೀ ವಾಲ್, ಇಟ್ ವಾಸ್ ಇನೆವಿಟಬಲ್ ದ್ಯಾಟ್ ದ ಸೀ ವುಡ್ ಟೇಕ್ ದ ರೋಡ್.’ ಕಡಲ್ಕೊರೆತ ನೋಡಿದ ಉಪ್ಪಳದ ತೀರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಎಚ್ಚರ ಬೇಕಾದದ್ದು ‘ದ್ಯಾಟ್’ ಬಗ್ಗೆ. ನಮ್ಮವರು ‘ಇಟ್ ಇಸ್ ಇನೆವಿಟಬಲ್ ಫಾರ್ ಮಿ ಟು ಗೊ’ ಅಂತ ಬರೆಯುತ್ತಾರೆ. ‘ನನಗೆ ಹೋಗುವುದು ಅನಿವಾರ್ಯ’ ಅನ್ನುವ ಕನ್ನಡ ವಾಕ್ಯ ಹಾಗೇ ಎದ್ದು ಬಂದದ್ದು ಅದು. ಅದರ ಜಾಗದಲ್ಲಿ ‘ಐ ಹ್ಯಾವ್ ಟು ಗೊ’ ಬರೆಯಿರಿ.

‘ಇನೆವಿಟಬ್ಲಿ’ ಅನ್ನುವ ಕ್ರಿಯಾವಿಶೇಷಣಕ್ಕೆ ಜಾಗ ಎರಡು. ವಾಕ್ಯದ ಮೊದಲಿಗೆ ಅಲ್ಪವಿರಾಮದ ಜೊತೆ: ‘ಇನೆವಿಟಬ್ಲಿ, ದ ಲಾಸ್ಟ್ ಬಸ್ ವಾಸ್ ಫುಲ್.’ ಇಲ್ಲವೇ ‘ವಿಲ್’ ಆದ ಮೇಲೆ, ಮುಖ್ಯ ಕ್ರಿಯಾಪದಕ್ಕಿಂತ ಮೊದಲು: ‘ದಿಸ್ ವಿಲ್ ಇನೆವಿಟಬ್ಲಿ ಲೀಡ್ ಟು ಎ ಡಿಸ್ಪ್ಯೂಟ್.’ ಅಳತೆ ಮಾಡದೆ ಗಡಿ ಬೇಲಿ ಹಾಕುವವರ ಬಗ್ಗೆ ಬರೆಯಲು ಒಳ್ಳೆಯ ವಾಕ್ಯ.

‘ದಿ ಇನೆವಿಟಬಲ್’ ಅಂತ ಒಂದೇ ಪದವಾಗಿಯೂ ನಿಲ್ಲುತ್ತದೆ, ಆಗ ಅದು ನಾಮಪದ. ‘ಆಕ್ಸೆಪ್ಟ್ ದಿ ಇನೆವಿಟಬಲ್’, ‘ಡಿಲೇ ದಿ ಇನೆವಿಟಬಲ್’, ‘ಬೌ ಟು ದಿ ಇನೆವಿಟಬಲ್’. ತುಳುವಿನಲ್ಲಿ ‘ದಾಲ ಮಲ್ಪರೆ ಆಪುಜಿ’ ಅಂತ ಕೈಚೆಲ್ಲಿ ಕೂರುತ್ತೇವಲ್ಲ, ಮೂರನೆಯದರ ಭಾವ ಹೆಚ್ಚುಕಡಿಮೆ ಅದೇ.

ಹೆಜ್ಜೆ 6: ಮುಖ ನೋಡಿ ಮೋಸ ಹೋಗಬೇಡಿ

ಇಮಿನೆಂಟ್ ಅಂದರೆ ಇನ್ನೇನು ಬಂದೇಬಿಟ್ಟಿತು. ಸಾವು ಎಲ್ಲರಿಗೂ ಇನೆವಿಟಬಲ್, ಎಲ್ಲರಿಗೂ ಇಮಿನೆಂಟ್ ಅಲ್ಲ, ಪುಣ್ಯ. ಇನ್ವೇರಿಯಬ್ಲಿ ಅಂದರೆ ಪ್ರತಿ ಸಲವೂ, ತಪ್ಪದೆ. ದಿನಾ ತಡವಾಗಿ ಬರುವ ಬಸ್ಸಿಗೆ ಇನ್ವೇರಿಯಬ್ಲಿ, ರಸ್ತೆ ಕುಸಿದ ದಿನ ತಡವಾಗುವ ಬಸ್ಸಿಗೆ ಇನೆವಿಟಬ್ಲಿ. ಈ ಜೋಡಿ ಪಿಎಸ್‌ಸಿಗೆ ಓದುವವರಿಗೂ ಗೊಂದಲ ಮಾಡುತ್ತದೆ, ಸ್ವಲ್ಪ ಉರು ಹೊಡೆಯಿರಿ.

ಇನಿಮಿಟಬಲ್ ಪೂರ್ತಿ ಬೇರೆ. ಯಾರೂ ಅನುಕರಿಸಲಾಗದ ಅಂತ ಅರ್ಥ. ಯಕ್ಷಗಾನದಲ್ಲಿ ಹಾಡುವ ಭಾಗವತರ ಶೈಲಿಗೆ ಅದನ್ನು ಹೇಳಬಹುದು. ಇನೆಕ್ಸೊರಬಲ್ ಅಂದರೆ ತಡೆಯಲು ಆಗದಂತೆ ಮುಂದೆ ಮುಂದೆ ಬರುತ್ತಿರುವುದು. ಕಡಲು ನೆಲ ತಿನ್ನುತ್ತಾ ಬರುವ ನಡಿಗೆ ಇನೆಕ್ಸೊರಬಲ್, ಕೊನೆಗೆ ಮನೆ ಬೀಳುವುದು ಇನೆವಿಟಬಲ್. ಇನೆಸ್ಕೇಪಬಲ್ ಹೆಚ್ಚಾಗಿ ಸತ್ಯ, ತೀರ್ಮಾನ ಇಂಥ ಮಾತುಗಳ ಜೊತೆ. ಉಳಿದ ದೊಡ್ಡ ದೊಡ್ಡ ಸಮಾನಾರ್ಥಕಗಳನ್ನು ಸದ್ಯಕ್ಕೆ ಬಿಟ್ಟುಬಿಡಿ.

ಹೆಜ್ಜೆ 7: ನಗಿಸಲೂ ಬಳಸಿ

ಈ ಬಳಕೆಯನ್ನು ಪಠ್ಯದಲ್ಲಿ ಯಾರೂ ಹೇಳಿಕೊಡುವುದಿಲ್ಲ, ಆದರೆ ಇಂಗ್ಲಿಷ್ ಪತ್ರಿಕೆ ಓದಿದರೆ ಕಾಣುತ್ತದೆ. ಒಬ್ಬರ ಜೊತೆ, ಒಂದು ಸಂದರ್ಭದ ಜೊತೆ ಸದಾ ಇರುವ ವಸ್ತುವಿಗೆ ತುಸು ತಮಾಷೆಯಾಗಿ ಇನೆವಿಟಬಲ್ ಅನ್ನುತ್ತಾರೆ. ಮೊದಲು ‘ದಿ’ ಇರಬೇಕು, ಇಲ್ಲವೇ ‘ಹಿಸ್’, ‘ಹರ್’ ಇರಬೇಕು.

‘ಮೈ ಅಂಕಲ್ ಅರೈವ್ಡ್ ವಿತ್ ಹಿಸ್ ಇನೆವಿಟಬಲ್ ಅಂಬ್ರೆಲಾ.’ ಬಿಸಿಲಿರಲಿ ಮಳೆಯಿರಲಿ ಕೊಡೆ ಬಿಡದ ಮಾವಂದಿರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಎಲೆಯಡಿಕೆ ಸಂಚಿಯ ಅಜ್ಜನಿಗೂ ಇದೇ ವಾಕ್ಯ ಹೊಂದುತ್ತದೆ. ಸಭೆಗಳಂತೂ ಈ ಪದಕ್ಕೆ ತವರುಮನೆ. ದೀಪ ಬೆಳಗುವುದು, ಶಾಲು, ಹಾರ, ಮತ್ತೆ ‘ದಿ ಇನೆವಿಟಬಲ್ ಸ್ಪೀಚ್’. ಇಲ್ಲಿ ದಾರಿ ಮುಚ್ಚಿತಾ ಅನ್ನುವ ಪ್ರಶ್ನೆ ಕೇಳಬೇಕಿಲ್ಲ. ಭಾಷಣದಿಂದ ತಪ್ಪಿಸಿಕೊಳ್ಳಲು ಹಿಂದಿನ ಬಾಗಿಲು ಇರುತ್ತದೆ, ನನಗೂ ಗೊತ್ತು.

ಅರ್ಜಿಯಲ್ಲಿ, ಸಂತಾಪ ಪತ್ರದಲ್ಲಿ ಈ ಬಳಕೆ ಬೇಡ.

ಹೆಜ್ಜೆ 8: ಯಾರನ್ನೋ ಕಾಪಾಡಲು ಬಳಸುತ್ತಿದ್ದೀರಾ ನೋಡಿ

ಇದು ವ್ಯಾಕರಣದ ಮಾತಲ್ಲ, ಆದರೂ ಬಿಡಲಾರೆ. ಇನೆವಿಟಬಲ್ ಅಂದ ಕೂಡಲೇ ವಾಕ್ಯದಿಂದ ಮನುಷ್ಯ ಮಾಯವಾಗುತ್ತಾನೆ. ಯಾರೂ ಮಾಡಲಿಲ್ಲ, ತಾನಾಗಿ ಆಯಿತು ಅನ್ನುವ ಧ್ವನಿ ಬರುತ್ತದೆ. ದುರ್ಯೋಧನನ ವಾಕ್ಯದಲ್ಲಿ ‘ರಿಫ್ಯೂಸ್ಡ್’ ಇದ್ದದ್ದರಿಂದ ಅವನು ತಪ್ಪಿಸಿಕೊಳ್ಳಲಿಲ್ಲ. ಬರೀ ‘ವಾರ್ ವಾಸ್ ಇನೆವಿಟಬಲ್’ ಅಂದಿದ್ದರೆ?

ನಮ್ಮ ಜಿಲ್ಲೆಯ ಮಕ್ಕಳು ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಪ್ರಬಂಧ ಬರೆಯುವುದು ಇದ್ದೇ ಇದೆ. ‘ಡೆವಲಪ್‌ಮೆಂಟ್ ಬ್ರಿಂಗ್ಸ್ ಇನೆವಿಟಬಲ್ ಸಫರಿಂಗ್’ ಅಂತ ಒಂದು ಸಾಲು ಅದರಲ್ಲಿ ಕಂಡರೆ ನಾನು ಪಕ್ಕಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ. ಎಣ್ಮಕಜೆಯಂಥ ಊರುಗಳ ನೆತ್ತಿಯ ಮೇಲೆ, ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸುಮಾರು ಎರಡು ದಶಕ ವಿಷ ಸುರಿದದ್ದು ಮಳೆಯ ಹಾಗೆ ತಾನಾಗಿ ಬಿದ್ದದ್ದಲ್ಲ. ಯಾರೋ ತೀರ್ಮಾನ ಮಾಡಿದ್ದರು, ಯಾರೋ ಸಹಿ ಹಾಕಿದ್ದರು. ಜನ ಹೋರಾಡಿ ನಿಲ್ಲಿಸಿದರು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿತು. ನಿಲ್ಲಿಸಲು ಸಾಧ್ಯ ಆದದ್ದನ್ನು ಇನೆವಿಟಬಲ್ ಅನ್ನುವುದು ಹೇಗೆ? ಇಲ್ಲಿ ಬೇಕಾದ ರೂಪ ‘ನಾಟ್ ಇನೆವಿಟಬಲ್’: ‘ದ ಸಫರಿಂಗ್ ವಾಸ್ ನಾಟ್ ಇನೆವಿಟಬಲ್, ಇಟ್ ಕುಡ್ ಹ್ಯಾವ್ ಬೀನ್ ಪ್ರಿವೆಂಟೆಡ್.’

ಈ ‘ನಾಟ್’ ರೂಪ ನಮ್ಮಲ್ಲಿ ಬಹಳ ಕಡಿಮೆ ಬಳಕೆಯಾಗುತ್ತದೆ. ವಾದ ಮಾಡುವ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ಆಯುಧ ಇಲ್ಲ. ಇನ್ನಷ್ಟು ಗಟ್ಟಿಯಾಗಿ ಬೇಕಾದರೆ ‘ಬೈ ನೊ ಮೀನ್ಸ್ ಇನೆವಿಟಬಲ್’.

ಚರಿತ್ರೆಯ ಉತ್ತರಗಳಲ್ಲೂ ಇದೇ ಎಚ್ಚರ ಬೇಕು. ಆಗಿಹೋದ ಮೇಲೆ ಎಲ್ಲವೂ ಆಗಲೇಬೇಕಿದ್ದ ಹಾಗೆ ಕಾಣುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ‘ಇನೆವಿಟಬಲ್’ ಅಂತ ಒಂದೇ ಪದದಲ್ಲಿ ಮುಗಿಸಿದರೆ ಅಂಕ ಸಿಗಬಹುದು, ವಾದ ಸೋಲುತ್ತದೆ. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ್ ಆಯೋಗ ವರದಿ ಕೊಟ್ಟಿತ್ತಲ್ಲ? ಅದು ಜಾರಿಗೆ ಬರಲಿಲ್ಲ. ಆದರೆ ಗಡಿಗೆರೆ ಇನ್ನೊಂದು ಕಡೆಯೂ ಬೀಳಬಹುದಿತ್ತು ಅನ್ನುವುದಕ್ಕೆ ಆ ವರದಿಯೇ ಸಾಕ್ಷಿ. ಪಕ್ಷ ಯಾವುದೇ ಇರಲಿ, ‘ಇಟ್ ಸೀಮ್ಸ್ ಇನೆವಿಟಬಲ್ ಇನ್ ಹೈಂಡ್‌ಸೈಟ್, ಬಟ್’ ಅಂತ ಶುರು ಮಾಡಿ ಮುಂದೆ ಕಾರಣ ಕೊಟ್ಟರೆ ಓದುವವರು ಕಿವಿಗೊಡುತ್ತಾರೆ.

ಹೆಜ್ಜೆ 9: ಅರ್ಜಿ ಮತ್ತು ರಜಾ ಪತ್ರ

ಕಾಸರಗೋಡಿನಲ್ಲಿ ಕನ್ನಡದಲ್ಲೇ ಅರ್ಜಿ ಕೊಡುವ ಹಕ್ಕು ನಮಗಿದೆ, ಆದಷ್ಟು ಹಾಗೇ ಕೊಡಿ. ಆದರೂ ಕೌಂಟರಿನಲ್ಲಿ ಕೂತವರಿಗೆ ಕನ್ನಡ ಬಾರದೆ, ನಮಗೆ ಮಲಯಾಳ ಬರೆಯಲು ಬಾರದೆ, ಇಂಗ್ಲಿಷೇ ನಡುದಾರಿಯಾಗುವ ದಿನಗಳಿವೆ.

ಅಂಥ ಪತ್ರದಲ್ಲಿ ಇನೆವಿಟಬಲ್ ಬೇಡವೇ ಬೇಡ. ‘ಇಟ್ ಇಸ್ ಇನೆವಿಟಬಲ್ ಫಾರ್ ಮಿ ಟು ಅಟೆಂಡ್ ಮೈ ಆಂಟ್ಸ್ ವೆಡಿಂಗ್’ ಅಂತ ಬರೆದರೆ ಚಿಕ್ಕಮ್ಮನ ಮದುವೆ ಏನೋ ಅನಾಹುತ ಅನ್ನುವ ಹಾಗೆ ಕೇಳುತ್ತದೆ. ‘ಐ ಹ್ಯಾವ್ ಟು ಅಟೆಂಡ್ ಮೈ ಆಂಟ್ಸ್ ವೆಡಿಂಗ್. ಪ್ಲೀಸ್ ಗ್ರ್ಯಾಂಟ್ ಮಿ ಲೀವ್ ಫಾರ್ ಟು ಡೇಸ್.’ ಮುಗಿಯಿತು. ತಡವಾಗಿ ಅರ್ಜಿ ಕೊಟ್ಟದ್ದಕ್ಕೆ ಕಾರಣ ಹೇಳುವಾಗಲೂ ‘ಅನ್‌ಅವಾಯ್ಡಬಲ್ ಸರ್ಕಮ್‌ಸ್ಟೆನ್ಸಸ್’ ಹಿಂದೆ ಅಡಗಿಕೊಳ್ಳುವುದಕ್ಕಿಂತ ನಿಜ ಕಾರಣ ಬರೆದರೆ ಕೆಲಸ ಬೇಗ ಆಗುತ್ತದೆ. ಅಮ್ಮ ಮಂಗಳೂರಿನ ಆಸ್ಪತ್ರೆಯಲ್ಲಿದ್ದರು ಅಂತ ಒಂದು ಸಾಲು ಸಾಕಲ್ಲ.

ಹೆಜ್ಜೆ 10: ನೀವೇ ಮಾಡಿ ನೋಡಿ

ಕೆಳಗಿನ ಐದು ವಾಕ್ಯಗಳನ್ನು ಮೊದಲು ಅಜ್ಜಿಗೆ ಹೇಳುವಂತೆ ಬಿಡಿಸಿ, ಆಮೇಲೆ ಇಂಗ್ಲಿಷಿಗೆ ತನ್ನಿ. ಉತ್ತರ ಕೈಯಲ್ಲಿ ಮುಚ್ಚಿಕೊಳ್ಳಿ.

1. ಈ ಗಾಳಿಮಳೆಗೆ ಇವತ್ತು ಕರೆಂಟ್ ಹೋಗುವುದು ಅನಿವಾರ್ಯ.
2. ಈ ಮೇಳಕ್ಕೆ ಆ ಭಾಗವತರು ಅನಿವಾರ್ಯ.
3. ಬಸ್ ತಪ್ಪಿದ್ದರಿಂದ ಅನಿವಾರ್ಯವಾಗಿ ಆಟೊ ಹಿಡಿದೆ.
4. ಪಾಲು ಮಾಡುವಾಗ ಅಣ್ಣತಮ್ಮಂದಿರ ಜಗಳ ಅನಿವಾರ್ಯ ಅಂತ ಊರಿಗೇ ಗೊತ್ತಿತ್ತು.
5. ಆಮೇಲೆ ಧನ್ಯವಾದ ಸಮರ್ಪಣೆ, ಮತ್ತೆ ಇದ್ದೇ ಇದೆಯಲ್ಲ, ಗ್ರೂಪ್ ಫೋಟೊ.

ಒಂದನೆಯದು: ‘ಇನ್ ದಿಸ್ ಸ್ಟಾರ್ಮ್, ಎ ಪವರ್ ಕಟ್ ಇಸ್ ಇನೆವಿಟಬಲ್.’ ಗಾಳಿಮಳೆ ಕಾರಣ, ಕರೆಂಟ್ ಹೋಗುವುದು ಫಲ. ‘ಆಲ್ಮೋಸ್ಟ್’ ಸೇರಿಸುವಷ್ಟು ನಂಬಿಕೆ ಕರೆಂಟಿನವರ ಮೇಲೆ ನಿಮಗಿದ್ದರೆ ಸೇರಿಸಿ.

ಎರಡನೆಯದು: ‘ದ ಟ್ರೂಪ್ ಕೆನಾಟ್ ಡೂ ವಿದೌಟ್ ದ್ಯಾಟ್ ಭಾಗವತ.’ ‘ಇಂಡಿಸ್ಪೆನ್ಸಬಲ್ ಟು ದ ಟ್ರೂಪ್’ ಅಂತ ಬರೆದವರದ್ದೂ ಸರಿ.

ಮೂರನೆಯದು: ‘ಐ ಮಿಸ್ಡ್ ದ ಬಸ್, ಸೊ ಐ ಹ್ಯಾಡ್ ಟು ಟೇಕ್ ಆ್ಯನ್ ಆಟೊ.’ ಇಲ್ಲಿ ‘ಇನೆವಿಟಬ್ಲಿ’ ಹಾಕಿದವರು ಎರಡನೇ ಹೆಜ್ಜೆ ಮತ್ತೊಮ್ಮೆ ಓದಿ.

ನಾಲ್ಕನೆಯದು: ‘ದ ಹೋಲ್ ವಿಲೇಜ್ ನ್ಯೂ ದ್ಯಾಟ್ ಎ ಕ್ವಾರಲ್ ವಾಸ್ ಇನೆವಿಟಬಲ್ ವೆನ್ ದ ಬ್ರದರ್ಸ್ ಡಿವೈಡೆಡ್ ದ ಲ್ಯಾಂಡ್.’

ಐದನೆಯದು: ‘ದೆನ್ ಕೇಮ್ ದ ವೋಟ್ ಆಫ್ ಥ್ಯಾಂಕ್ಸ್ ಆ್ಯಂಡ್ ದಿ ಇನೆವಿಟಬಲ್ ಗ್ರೂಪ್ ಫೋಟೊ.’ ‘ದಿ’ ಬಿಟ್ಟವರಿಗೆ ಅರ್ಧ ಅಂಕ ಕಟ್.